ಬಾಣಂತಿಯ ಹೊಟ್ಟೆಗೆ ಕಟ್ಟಿದ ಬಟ್ಟೆ

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಹಳೆಯ ಮೈಸೂರು ಸೀಮೆಯಲ್ಲಿ ಎಲ್ಲೆಡೆ ಕೇಳಿಬರುತ್ತದೆ. ಹುಟ್ಟಿದ ಕೂಸನ್ನು ಸಾಕುವುದಕ್ಕೆ ಎಷ್ಟು ಕಟ್ಟಳೆಗಳಿವೆಯೋ, ಮರುಹುಟ್ಟು ಪಡೆದ ತಾಯಿಯ ಮೈ ಗಟ್ಟಿ ಮಾಡುವುದಕ್ಕೂ ಅಷ್ಟೇ ಕಟ್ಟಳೆಗಳಿವೆ. ಅವೆಲ್ಲದರ ಒಟ್ಟು ಹೆಸರು ಬಾಣಂತನ.

ತಿರುಮಕೂಡಲು ನರಸೀಪುರದ ಬಳಿಯ ಸೋಸಲೆಯಂಥ ಊರಿನಲ್ಲಿ ಇಂದು ಹೆತ್ತ ಹೆಣ್ಣುಮಗಳ ಮುಂದೆ ಹಲವು ದಾರಿಗಳಿವೆ. ಅಜ್ಜಿಯ ಎಣ್ಣೆ-ನೀರು ಒಂದು, ಆಸ್ಪತ್ರೆಯ ಸಲಹೆ ಇನ್ನೊಂದು, ಯೋಗಾಸನ ಮತ್ತೊಂದು. ಇವು ಸಾಲದೆಂಬಂತೆ ತಿಂಗಳೊಪ್ಪತ್ತಿನಲ್ಲಿ ಹೊಟ್ಟೆ ಕರಗಿಸುತ್ತೇವೆಂದು ಮೊಬೈಲಿನಲ್ಲಿ ಆಸೆ ಹುಟ್ಟಿಸುವ ವ್ಯಾಯಾಮಗಳೂ ಬಂದಿವೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಉತ್ತರ ಹುಡುಕುವ ಮುನ್ನ ಈ ದಾರಿಗಳು ಎಲ್ಲಿಂದ ಬಂದವೆಂದು ನೋಡುವುದು ಒಳ್ಳೆಯದು.

ಎಣ್ಣೆ, ನೀರು, ಖಾರ

ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಬಾಣಂತನ ಮೂರು ತಿಂಗಳಾದರೂ ನಡೆಯಬೇಕು, ಅನುಕೂಲವಿದ್ದರೆ ಐದು ತಿಂಗಳು ಎಂಬುದು ಈ ಸೀಮೆಯ ವಾಡಿಕೆ. ಮೈಗೆ ಹರಳೆಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಹಳೆಯ ಹತ್ತಿ ಸೀರೆಯನ್ನು ಹೊಟ್ಟೆಗೆ ಬಿಗಿದು ಬಾಣಂತಿಯನ್ನು ಮಲಗಿಸುತ್ತಿದ್ದರು. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು, ತುಪ್ಪ. ನಡುವೆ ಒಣಶುಂಠಿ, ಹಿಪ್ಪಲಿ ಹಾಕಿದ ಖಾರ, ಅಂಟಿನುಂಡೆ. ಕಡೆಗೆ ಬಾಣಂತಿ ಗಂಗೆಪೂಜೆ ಮಾಡಿ ಬಾವಿಯಿಂದ ನೀರು ತಂದರೆ, ಅವಳ ಮೈ ಮನೆಗೆಲಸಕ್ಕೆ ತಯಾರಾಗಿದೆ ಎಂದು ನಾಲ್ಕು ಜನರ ಮುಂದೆ ಹೇಳಿದಂತೆ.

ಇದರಲ್ಲಿ ಬಹುಪಾಲು ಬಹಳ ಹಳೆಯದು. ಹೆತ್ತವಳಿಗೆ ಹಿಪ್ಪಲಿ, ಶುಂಠಿ ಮುಂತಾದವುಗಳ ಪುಡಿ ಸೇರಿಸಿದ ತುಪ್ಪವನ್ನೋ ಎಣ್ಣೆಯನ್ನೋ ಕುಡಿಸಬೇಕು, ಹೊಟ್ಟೆಗೆ ತುಪ್ಪ-ಎಣ್ಣೆ ಸವರಿ ದೊಡ್ಡ ಬಟ್ಟೆಯಿಂದ ಸುತ್ತಬೇಕು ಎಂದು ಚರಕಸಂಹಿತೆಯಲ್ಲೇ ಇದೆ. ಬರಿದಾದ ಹೊಟ್ಟೆಯಲ್ಲಿ ವಾಯು ಸೇರಿ ತೊಂದರೆ ಕೊಡದಿರಲಿ ಎಂಬುದು ಅದು ಕೊಡುವ ಕಾರಣ. ಅಷ್ಟಾಂಗಹೃದಯದ ಪ್ರಕಾರ ಬಾಣಂತಿಯ ಪಥ್ಯದ ಕಾಲ ಒಂದೂವರೆ ತಿಂಗಳು. ಇಂದಿನ ಆಸ್ಪತ್ರೆಗಳು ಹೇಳುವ ಆರು ವಾರಗಳ ಲೆಕ್ಕಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ.

ಆದರೆ ವಾಡಿಕೆಯಾದದ್ದೆಲ್ಲ ಹಿತವಾಗಿರಲಿಲ್ಲ. ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆಂದು ಬಾಯಾರಿದ ಬಾಣಂತಿಗೆ ಗುಟುಕು ಲೆಕ್ಕದಲ್ಲಿ ನೀರು ಕೊಡುವ ಮನೆಗಳಿದ್ದವು. ಹಾಲೂಡುವ ತಾಯಿಗೆ ನೀರು ಹೆಚ್ಚೇ ಬೇಕು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ, ಹೊಗೆ ಇಡುವುದು ತಾಯಿಗೂ ಕೂಸಿಗೂ ಕೇಡು. ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳದಿದ್ದರೆ ಮಾಂಸಖಂಡ ಸೊರಗುತ್ತದೆ.

ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ಐದು ತಿಂಗಳ ಬಾಣಂತನ ಉಳ್ಳವರ ಮನೆಯ ಮಾತು. ಭತ್ತದ ಗದ್ದೆಯಲ್ಲಿ ನಾಟಿ, ಕಳೆ, ಕೊಯ್ಲು ಮಾಡಿ ದಿನಗೂಲಿ ತರುವ ಹೆಣ್ಣಿಗೆ ಅಷ್ಟು ರಜೆ ಕೊಡುವವರು ಯಾರು? 1961ರ ಹೆರಿಗೆ ಸೌಲಭ್ಯ ಕಾಯ್ದೆಯನ್ನು 2017ರಲ್ಲಿ ತಿದ್ದಿ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟರೂ ಅದು ಕಾರ್ಖಾನೆ, ಕಚೇರಿ, ಅಂಗಡಿಗಳ ಬಾಗಿಲಲ್ಲೇ ನಿಂತಿತು. ಗದ್ದೆಯ ಬದುವಿಗೆ ಬರಲಿಲ್ಲ. ಒಬ್ಬಳಿಗೆ ಅತಿಯಾದ ವಿಶ್ರಾಂತಿ, ಇನ್ನೊಬ್ಬಳಿಗೆ ವಿಶ್ರಾಂತಿಯೇ ಇಲ್ಲ.

ಹಾಸಿಗೆಯಿಂದ ಎಬ್ಬಿಸಿದವರು

ಬಾಣಂತಿಯನ್ನು ಬಹುಕಾಲ ಮಲಗಿಸುವುದು ನಮ್ಮ ಅಜ್ಜಿಯರ ಹಟ ಮಾತ್ರವಾಗಿರಲಿಲ್ಲ. ಯುರೋಪಿನ ಆಸ್ಪತ್ರೆಗಳೂ ಹೆತ್ತವಳನ್ನು ಹತ್ತು ದಿನ, ಅದಕ್ಕೂ ಹೆಚ್ಚು ಕಾಲ ಹಾಸಿಗೆಯಲ್ಲೇ ಇಡುತ್ತಿದ್ದವು. 1912ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಪ್ರಸೂತಿ ತಜ್ಞ ಡಾ. ಫೇರ್‌ಬೇರ್ನ್, ಅಲ್ಲಿನ ಅಂಗಮರ್ದನ ವಿಭಾಗದ ಮಿನ್ನಿ ರ‍್ಯಾಂಡೆಲ್ ಅವರಿಗೆ ಬಾಣಂತಿಯರು ಮಲಗಿದ್ದಲ್ಲೇ ಮಾಡಬಹುದಾದ ವ್ಯಾಯಾಮಗಳನ್ನು ರೂಪಿಸಲು ಹೇಳಿದರು. ಹೆರಿಗೆಯ ನಂತರದ ವ್ಯಾಯಾಮ ಆಸ್ಪತ್ರೆಯ ವಿದ್ಯೆಯಾಗಿ ಬೆಳೆದದ್ದರಲ್ಲಿ ಇದು ಮುಖ್ಯ ಹೆಜ್ಜೆ. 1940ರ ದಶಕದಲ್ಲಿ ಬೇಗ ಎಬ್ಬಿಸಿ ನಡೆದಾಡಿಸುವ ಪದ್ಧತಿ ಹರಡಿತು. ಬೇಗ ನಡೆದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆ. 1948ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್, ಹೆರಿಗೆಯಿಂದ ಸಡಿಲವಾದ ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಅಭ್ಯಾಸವನ್ನು ಪ್ರಚುರಪಡಿಸಿದರು. ಕೆಮ್ಮಿದರೆ, ಸೀನಿದರೆ ಮೂತ್ರ ಜಿನುಗುವ ತೊಂದರೆಯನ್ನು ನಾಚಿಕೆಯಿಂದ ಬಚ್ಚಿಟ್ಟುಕೊಳ್ಳುವ ಎಷ್ಟೋ ಹೆಂಗಸರಿಗೆ ಇದು ಇಂದಿಗೂ ಖರ್ಚಿಲ್ಲದ ಉಪಾಯ.

ಅದೇ ಕಾಲಕ್ಕೆ ಮೈಸೂರಿನಲ್ಲಿ ಮತ್ತೊಂದು ದಾರಿ ತೆರೆದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲಿ ‘ಯೋಗ ಮಕರಂದ’ವನ್ನು ಪ್ರಕಟಿಸಿದರು. 1938ರಲ್ಲಿ ಚಿತ್ರೀಕರಿಸಿದ ಮೂಕಿ ಚಿತ್ರದಲ್ಲಿ ಅವರ ಪತ್ನಿ ಮತ್ತು ಹೆಣ್ಣುಮಕ್ಕಳೂ ಆಸನ ಹಾಕುವುದನ್ನು ಕಾಣಬಹುದು. ಅವರ ಶಿಷ್ಯ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು 1966ರಲ್ಲಿ ಪ್ರಕಟವಾದ ‘ಲೈಟ್ ಆನ್ ಯೋಗ’ದಲ್ಲಿ ಬಾಣಂತಿಯರಿಗೆ ಹೇಳಿದ್ದು ಗಮನಾರ್ಹ: ಮೊದಲ ತಿಂಗಳು ಆಸನ ಬೇಡ, ಆಮೇಲೆ ಹಗುರವಾಗಿ ತೊಡಗಿ ಮೆಲ್ಲಗೆ ಹೆಚ್ಚಿಸಬೇಕು, ಮೂರು ತಿಂಗಳ ನಂತರ ಎಲ್ಲವನ್ನೂ ಮಾಡಬಹುದು. ಯೋಗಗುರುವಿನ ಮೂರು ತಿಂಗಳಿಗೂ ಅಜ್ಜಿಯ ಮೂರು ತಿಂಗಳಿಗೂ ತಾಳೆಯಾಗುತ್ತದೆ.

ನರಸೀಪುರದ ನೂರು ಅಂಗನವಾಡಿಗಳು

ಮೈ ಗಟ್ಟಿಯಾಗಲು ವ್ಯಾಯಾಮಕ್ಕಿಂತ ಮೊದಲು ಅನ್ನ ಬೇಕು. ಈ ವಿಷಯದಲ್ಲಿ ಸೋಸಲೆಯ ಸೀಮೆಗೆ ಒಂದು ಹಿರಿಮೆಯಿದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಪ್ರಯೋಗಾರ್ಥವಾಗಿ ಶುರುವಾದದ್ದು ಇದೇ ತಿ. ನರಸೀಪುರ ತಾಲ್ಲೂಕಿನಲ್ಲಿ, 100 ಅಂಗನವಾಡಿಗಳೊಂದಿಗೆ. ಗರ್ಭಿಣಿ ಮತ್ತು ಬಾಣಂತಿಯರ ಊಟ ಮನೆಯವರ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ, ಸರ್ಕಾರದ ಹೊಣೆಯೂ ಹೌದು ಎಂಬ ನಿಲುವು ರಾಜ್ಯದ ಹಳ್ಳಿಗಳಿಗೆ ಹೊರಟದ್ದು ಇಲ್ಲಿಂದ. 2017ರಲ್ಲಿ ಬಂದ ‘ಮಾತೃಪೂರ್ಣ’ ಯೋಜನೆ ಅಂಗನವಾಡಿಯಲ್ಲೇ ಬಿಸಿಯೂಟ ಬಡಿಸತೊಡಗಿತು. ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚುವರಿಯಾಗಿ ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕ.

2007ರಲ್ಲಿ ರಾಜ್ಯ ಸರ್ಕಾರ ಜಾರಿಗೆ ತಂದ ‘ಮಡಿಲು’ ಯೋಜನೆಯೂ ಇಲ್ಲಿ ನೆನಪಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ ಕೊಡುತ್ತಿದ್ದ ಆ ಚೀಲದಲ್ಲಿ ಸೊಳ್ಳೆಪರದೆ, ಸೋಪು, ಕೂಸಿನ ಟೋಪಿಗಳ ಜೊತೆಗೆ ತಾಯಿಯ ಹೊಟ್ಟೆಗೆ ಕಟ್ಟುವ ಬಟ್ಟೆಯೂ ಇತ್ತು. ಚರಕನ ಕಾಲದ ಬಟ್ಟೆ ಸರ್ಕಾರಿ ಪಟ್ಟಿಯಲ್ಲಿ ಜಾಗ ಪಡೆದಿತ್ತು.

ಯಾವುದು ಹಿತ?

ಆ ಬಟ್ಟೆ ಹೊಟ್ಟೆಯನ್ನು ಕರಗಿಸುವುದಿಲ್ಲ. ಹದವಾಗಿ ಕಟ್ಟಿದರೆ ಬೆನ್ನಿಗೂ ಹೊಲಿಗೆಗೂ ಆಸರೆ. ಉಸಿರು ಕಟ್ಟುವಂತೆ ಬಿಗಿದರೆ ಕಿಬ್ಬೊಟ್ಟೆಯ ತಳದ ಮೇಲೆ ಒತ್ತಡ. ಎಣ್ಣೆ-ನೀರಿನಿಂದ ಮೈನೋವು ಇಳಿದು ನಿದ್ದೆ ಬರುತ್ತದೆ, ಆದರೆ ನಡಿಗೆಯ ಕೆಲಸವನ್ನು ಎಣ್ಣೆ ಮಾಡಲಾರದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ, ಬೇರೆ ತೊಂದರೆಯಿಲ್ಲದ ಬಾಣಂತಿಯರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕೆಂದಿದೆ. ಬಿರುಸಿನ ನಡಿಗೆಯೂ ಇದರಲ್ಲಿ ಸೇರುತ್ತದೆ. ಒಮ್ಮೆಗೇ ಅಲ್ಲ, ಮೆಲ್ಲಮೆಲ್ಲನೆ ಅಲ್ಲಿಗೆ ಮುಟ್ಟಬೇಕು.

ಎಲ್ಲರಿಗೂ ಒಂದೇ ಅಳತೆ ಹೊಂದುವುದಿಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 100 ಹೆರಿಗೆಗಳಲ್ಲಿ ಸುಮಾರು 31 ಸಿಸೇರಿಯನ್. ಹೊಟ್ಟೆಯ ಗಾಯ ಮಾಯುವವರೆಗೆ ಭಾರ ಎತ್ತುವುದು, ಹೊಟ್ಟೆಯನ್ನು ದಂಡಿಸುವ ವ್ಯಾಯಾಮ ಅವರಿಗೆ ಸಲ್ಲದು. ವೈದ್ಯರು ನೋಡಿ ಹೇಳಬೇಕು. ಅದೇ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ 100ಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಅಂಥವರಿಗೆ ತೆಳ್ಳಗಾಗುವ ಪಥ್ಯ ಔಷಧವಲ್ಲ, ಅಪಾಯ. ಅವರಿಗೆ ಮೊದಲು ಬೇಕಾದದ್ದು ಕಬ್ಬಿಣದ ಮಾತ್ರೆ, ಸೊಪ್ಪು, ರಾಗಿ, ಬೇಳೆ.

ಹಳೆಯ ಬಾಣಂತನದಲ್ಲಿ ಬಿಡಬೇಕಾದ್ದು ಬಹಳವಿದೆ. ಉಳಿಸಿಕೊಳ್ಳಬೇಕಾದ ತಿಳಿವಳಿಕೆ ಮುಖ್ಯವಾಗಿ ಒಂದು: ಹೆತ್ತವಳ ಮೈ ಗಟ್ಟಿಯಾಗುವುದು ಅವಳೊಬ್ಬಳ ಕೆಲಸವಲ್ಲ. ನೀರು ಕಾಯಿಸುವವರು, ಎರೆಯುವವರು, ಕೂಸನ್ನು ಎತ್ತಿಕೊಳ್ಳುವವರು, ಬಿಸಿ ಅನ್ನ ಬಡಿಸುವವರು ಸುತ್ತ ಇದ್ದರು. ಇಂದಿನ ವ್ಯಾಯಾಮದ ಪಟ್ಟಿಗಳು ಎಲ್ಲ ಭಾರವನ್ನೂ ತಾಯಿಯ ಮೇಲೇ ಹೊರಿಸುತ್ತವೆ. ದಿನಕ್ಕೆ ಅರ್ಧ ಗಂಟೆ ನಡೆಯಿರೆಂದು ಅವಳಿಗೆ ಹೇಳುವುದು ಸುಲಭ. ಆ ಅರ್ಧ ಗಂಟೆ ಕೂಸನ್ನು ಹಿಡಿದುಕೊಳ್ಳುವವರು ಯಾರು ಎಂಬುದನ್ನು ಮನೆಯವರು ಮೊದಲು ತೀರ್ಮಾನಿಸಬೇಕು.