ಕಂಟೇನರ್ ಆಧಾರಿತ ಸ್ವಂತ ಇಮೇಲ್ ಸರ್ವರ್

ಇಮೇಲ್ ಸೇವೆಯನ್ನು ದೊಡ್ಡ ಕಂಪನಿಗಳಿಗೆ ಬಿಡದೆ, ಸ್ವಂತ ಡೊಮೇನ್ ಹೆಸರಿನಲ್ಲಿ ತಾವೇ ನಡೆಸುವ ವ್ಯವಸ್ಥೆ. ಪತ್ರ ಸಾಗಿಸುವ ಪೋಸ್ಟ್‌ಫಿಕ್ಸ್, ಅಂಚೆಪೆಟ್ಟಿಗೆ ನೋಡಿಕೊಳ್ಳುವ ಡವ್‌ಕಾಟ್, ಸ್ಪ್ಯಾಮ್ ಸೋಸುವ ಆರ್‌ಸ್ಪ್ಯಾಮ್‌ಡಿ ಮುಂತಾದವನ್ನು ಪ್ರತ್ಯೇಕ ತಂತ್ರಾಂಶ ಪೊಟ್ಟಣಗಳಾದ ಬೇರೆ ಬೇರೆ ಕಂಟೇನರ್‌ಗಳಲ್ಲಿಟ್ಟು ಒಂದೇ ಆದೇಶದಿಂದ ಚಾಲೂ ಮಾಡುವ ರೂಢಿ, 2013ರಲ್ಲಿ ಕಂಟೇನರ್ ನಡೆಸುವ ಡಾಕರ್ ತಂತ್ರಾಂಶ ಬಂದ ಮೇಲೆ ಬೆಳೆಯಿತು. ಮೇಲ್‌ಕೌ ಇಂಥದೊಂದು ಸಿದ್ಧ ಕಟ್ಟು.

ಕಂಟೇನರ್ ಎಬ್ಬಿಸುವುದು ಸುಲಭ. ಹೊರಗಿನ ಸರ್ವರ್‌ಗಳ ನಂಬಿಕೆ ಗಳಿಸುವುದೇ ಕಷ್ಟ. ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಂಥ ಊರಿನ ಮನೆ ಬ್ರಾಡ್‌ಬ್ಯಾಂಡ್‌ಗೆ ಸಾಮಾನ್ಯವಾಗಿ ಸ್ಥಿರ ಐಪಿ ವಿಳಾಸ ಇರುವುದಿಲ್ಲ, ಸರ್ವರ್‌ಗಳ ನಡುವೆ ಪತ್ರ ಸಾಗುವ ಪೋರ್ಟ್ 25 ಮುಚ್ಚಿರುವುದೂ ಉಂಟು. ಆದ್ದರಿಂದ ಬಾಡಿಗೆ ಸರ್ವರ್ ಹಿಡಿಯುವುದೇ ಲೇಸು. ಪತ್ರ ಕಳಿಸಿದ ಸರ್ವರ್ ಅಸಲಿ ಎಂದು ತೋರಿಸುವ ರಿವರ್ಸ್ ಡಿಎನ್‌ಎಸ್, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆಗಳು ಸರಿಯಿಲ್ಲದಿದ್ದರೆ ಪತ್ರ ಸ್ಪ್ಯಾಮ್ ಪಾಲಾಗುವ ಸಂಭವವೇ ಹೆಚ್ಚು. 2024ರ ಫೆಬ್ರುವರಿಯಿಂದ ಜಿಮೇಲ್ ಈ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿದೆ. ಸರ್ವರ್ ನಿಂತರೆ ಗಾಬರಿ ಬೇಡ: ಕಳಿಸುವ ಕಡೆಯವರು ನಾಲ್ಕೈದು ದಿನವಾದರೂ ಮತ್ತೆ ಮತ್ತೆ ಯತ್ನಿಸಬೇಕೆಂದು ಇಮೇಲ್ ಸಾಗಣೆಯ ಎಸ್‌ಎಂಟಿಪಿ ಮಾನದಂಡವೇ ಹೇಳುತ್ತದೆ. ಕಂಟೇನರ್ ಅಳಿಸಿದರೂ ಮತ್ತೆ ಕಟ್ಟಬಹುದು, ಪತ್ರಗಳಿರುವ ವಾಲ್ಯೂಮ್ ಹೋದರೆ ಹೋಯಿತು. ಅದರ ಬ್ಯಾಕಪ್ ಬೇರೆಡೆ ಇರಬೇಕು.

2015ರಲ್ಲಿ ಬಂದ ಪೋಸ್ಟ್‌ಫಿಕ್ಸ್ 3.0ರಿಂದ ಕನ್ನಡ ಲಿಪಿಯ ವಿಳಾಸಕ್ಕೂ ಪತ್ರ ಸಾಗಿಸಬಹುದು, ಆದರೆ ಎದುರಿನ ಸರ್ವರ್ ಅದನ್ನು ಒಪ್ಪದಿದ್ದರೆ ಪತ್ರ ವಾಪಸಾಗುತ್ತದೆ.