ಅಂಗಡಿಯ ಸೋಪಿನ ಪುಡಿ ಮತ್ತು ಬಿವಾ ಸರೋವರ

ನಮ್ಮ ಅಂಗಡಿಯ ಬಾಗಿಲಲ್ಲಿ ಬಟ್ಟೆ ಒಗೆಯುವ ಪುಡಿಯ ಸಣ್ಣ ಪ್ಯಾಕೆಟ್‌ಗಳು ಸರದಂತೆ ತೂಗುತ್ತಿದ್ದವು. ಶಾಲೆ ಬಿಟ್ಟು ಬಂದ ಮೇಲೆ ಅವನ್ನು ಹರಿದು ಕೊಡುವ ಕೆಲಸ ನನ್ನದು. ಸಂಜೆ ಮಾರಿದ ಪುಡಿ ಮರುದಿನ ಬೆಳಿಗ್ಗೆ ನೊರೆಯಾಗಿ ತೋಡಿಗೆ ಇಳಿಯುತ್ತಿತ್ತು. ಆ ತೋಡಿನ ನೀರು ಹೋಗುತ್ತಿದ್ದದ್ದು ಪಳ್ಳಿಯ ಹಿಂದಿನ ಕೆರೆಗೆ. ಒಂದು ಬೇಸಿಗೆಯಲ್ಲಿ ಕೆರೆ ಪೂರ್ತಿ ಹಸಿರುಗಟ್ಟಿತು. ಊರವರು ಸೇರಿ ಪಂಚಾಯತಿಯನ್ನು ಬೈದರು. ಯಾರೂ ನಮ್ಮ ಅಂಗಡಿಯ ಕಡೆ ನೋಡಲಿಲ್ಲ. ನಾವೂ ನೋಡಿಕೊಳ್ಳಲಿಲ್ಲ.

ಜಪಾನಿನ ಬಿವಾ ಸರೋವರದ ಚರಿತ್ರೆ ಓದುವಾಗ ನನಗೆ ಆ ಬೇಸಿಗೆ ನೆನಪಾಯಿತು. ಅಲ್ಲಿನ ಮನೆಮಂದಿ ನಾವು ನೋಡದೆ ಬಿಟ್ಟದ್ದನ್ನೇ ಮೊದಲು ನೋಡಿದ್ದರು.

ಬಿವಾ ಜಪಾನಿನ ಅತಿ ದೊಡ್ಡ ಸರೋವರ. ಶಿಗಾ ಎಂಬ ಪ್ರಾಂತದ ನಡುವೆ ಸುಮಾರು 670 ಚದರ ಕಿಲೋಮೀಟರ್ ಹರಡಿದೆ. ಕ್ಯೋಟೋ, ಒಸಾಕಾ ಸೇರಿದಂತೆ ಸುಮಾರು 1 ಕೋಟಿ 40 ಲಕ್ಷ ಜನರಿಗೆ ಇದೇ ಕುಡಿಯುವ ನೀರು. ಎರಡನೇ ಮಹಾಯುದ್ಧದ ನಂತರ ಸುತ್ತ ಕಾರ್ಖಾನೆಗಳು ಬಂದವು, ಜನ ಹೆಚ್ಚಿದರು, ಮನೆಮನೆಗೆ ವಾಷಿಂಗ್ ಮೆಷಿನ್ ಬಂತು. ಹಳೆಯ ಸೋಪಿನ ಜಾಗಕ್ಕೆ ಡಿಟರ್ಜೆಂಟ್ ಪುಡಿ ಬಂತು.

ಆ ಪುಡಿಯಲ್ಲಿ ಫಾಸ್ಫೇಟ್ ಇರುತ್ತಿತ್ತು. ಡಿಪ್ಲೊಮಾ ಓದುವಾಗ ಬಾಯ್ಲರ್ ಪಾಠದಲ್ಲಿ ನಾವೂ ಫಾಸ್ಫೇಟ್ ಬಗ್ಗೆ ಕಲಿತಿದ್ದೆವು. ಗಡಸು ನೀರಿನ ಸುಣ್ಣದಂಶ ಬಾಯ್ಲರ್ ಒಳಗೆ ಪದರವಾಗಿ ಅಂಟದಂತೆ ಅದನ್ನು ಹಾಕುತ್ತಾರೆ. ಬಟ್ಟೆಯ ಪುಡಿಯಲ್ಲೂ ಅದರ ಕೆಲಸ ಹೆಚ್ಚುಕಡಿಮೆ ಇದೇ: ನೀರಿನ ಗಡಸುತನ ತೆಗೆದು ಕೊಳೆ ಬಿಡಿಸಲು ಸಹಾಯ ಮಾಡುವುದು. ಆದರೆ ಫಾಸ್ಫರಸ್ ಗಿಡಕ್ಕೆ ಗೊಬ್ಬರ ಕೂಡ. ತೋಟಕ್ಕೆ ಹಾಕಿದರೆ ಬೆಳೆ, ನಿಂತ ನೀರಿಗೆ ಹೋದರೆ ಪಾಚಿ.

1977ರ ಮೇ ತಿಂಗಳಲ್ಲಿ ಬಿವಾದ ನೀರು ಅಲ್ಲಲ್ಲಿ ಕೆಂಪು ಕಂದಾಗಿ, ಹಸಿಮೀನಿನ ವಾಸನೆ ಹೊಡೆಯಿತು. ಸೂಕ್ಷ್ಮ ಪಾಚಿ ಲೆಕ್ಕವಿಲ್ಲದಷ್ಟು ಬೆಳೆದದ್ದು ಅದಕ್ಕೆ ಕಾರಣ. ಎಲ್ಲ ತಪ್ಪೂ ಡಿಟರ್ಜೆಂಟಿನದಲ್ಲ. ಕಾರ್ಖಾನೆ, ಹೊಲ, ಚರಂಡಿ ಎಲ್ಲದರಿಂದಲೂ ಫಾಸ್ಫರಸ್ ಬರುತ್ತಿತ್ತು. ಸರೋವರ ಸೇರುವ ಒಟ್ಟು ಫಾಸ್ಫರಸ್‌ನಲ್ಲಿ ಡಿಟರ್ಜೆಂಟಿನದು ಸುಮಾರು ಐದರಲ್ಲಿ ಒಂದು ಪಾಲು. ಉಳಿದ ನಾಲ್ಕು ಪಾಲನ್ನು ತೋರಿಸಿ ಜನ ಸುಮ್ಮನಿರಬಹುದಿತ್ತು. ಆದರೆ ಅವರು ತಮ್ಮ ಕೈಯಲ್ಲಿರುವ ಒಂದು ಪಾಲನ್ನು ಹಿಡಿದುಕೊಂಡರು.

ಮುಂದೆ ನಿಂತವರು ಹೆಚ್ಚಾಗಿ ಗೃಹಿಣಿಯರು. ಕೈಯ ಚರ್ಮ ಒಡೆಯುತ್ತದೆ, ಮಗುವಿನ ಮೈಯಲ್ಲಿ ಕೆಂಪು ಗುಳ್ಳೆ ಏಳುತ್ತದೆ ಎಂದು ಕೆಲವರು 1970ರ ದಶಕದ ಆರಂಭದಲ್ಲೇ ಡಿಟರ್ಜೆಂಟ್ ಬಿಟ್ಟು ಸೋಪಿನ ಪುಡಿಗೆ ಮರಳಿದ್ದರು. ಸರೋವರ ಕೆಂಪಾದ ಮೇಲೆ ಈ ಮಾತು ಊರೂರಿಗೆ ಹಬ್ಬಿತು. ಮಹಿಳಾ ಸಂಘಗಳು, ಗ್ರಾಹಕರ ಗುಂಪುಗಳು, ಕಾರ್ಮಿಕ ಸಂಘಗಳು ಸೇರಿ 1978ರಲ್ಲಿ ಸೋಪಿನ ಪುಡಿಯ ಚಳವಳಿಗೆ ಒಂದು ಸಮಿತಿ ಕಟ್ಟಿಕೊಂಡವು. ತಣ್ಣೀರಲ್ಲಿ ಸೋಪಿನ ಪುಡಿ ಸರಿಯಾಗಿ ಕರಗುವುದಿಲ್ಲ, ಅದನ್ನು ಬಳಸುವ ಕ್ರಮವನ್ನು ಕಲಿಸಬೇಕಾಗಿತ್ತು. ಅಡುಗೆಮನೆಯಲ್ಲಿ ಕರಿದು ಉಳಿದ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಒಟ್ಟುಮಾಡಿ ಅದರಿಂದಲೇ ಸೋಪು ಮಾಡಿಸಿದರು.

ಡಿಟರ್ಜೆಂಟ್ ತಯಾರಕರು ಬಲವಾಗಿ ವಿರೋಧಿಸಿದರು. ಆದರೂ ಗವರ್ನರ್ ತಕೆಮುರಾ ಮಸಯೋಶಿ ಅವರ ಆಡಳಿತ 1979ರ ಅಕ್ಟೋಬರಿನಲ್ಲಿ ಕಾನೂನು ತಂದಿತು. 1980ರ ಜುಲೈ 1ರಿಂದ ಶಿಗಾದಲ್ಲಿ ಫಾಸ್ಫರಸ್ ಇರುವ ಡಿಟರ್ಜೆಂಟನ್ನು ಮನೆಯಲ್ಲಿ ಬಳಸುವುದು, ಅಂಗಡಿಯಲ್ಲಿ ಮಾರುವುದು, ಉಡುಗೊರೆ ಕೊಡುವುದು ಎಲ್ಲವೂ ನಿಷೇಧ. ಕಾರ್ಖಾನೆಗಳು ಬಿಡುವ ನೀರಿನಲ್ಲಿ ಸಾರಜನಕ ಮತ್ತು ಫಾಸ್ಫರಸ್‌ಗೆ ಅದೇ ಕಾನೂನು ಮಿತಿ ಹಾಕಿತು. ಆಗ ಹತ್ತರಲ್ಲಿ ಏಳು ಮನೆಗಳಿಗಿಂತ ಹೆಚ್ಚು ಕಡೆ ಸೋಪಿನ ಪುಡಿಯೇ ಇತ್ತು.

ಮುಂದಿನ ಕಥೆ ಅಷ್ಟು ಸುಲಭದ್ದಲ್ಲ. ಕಂಪನಿಗಳು ಫಾಸ್ಫೇಟ್ ಇಲ್ಲದ ಡಿಟರ್ಜೆಂಟ್ ತಂದವು, ಜನ ಸೋಪು ಬಿಟ್ಟು ಅದಕ್ಕೆ ಹೋದರು. 1983ರಲ್ಲಿ ಸರೋವರದ ದಕ್ಷಿಣ ಭಾಗದಲ್ಲಿ ಹಸಿರು ಪಾಚಿ ಕಟ್ಟಿತು. ಕೊಳಚೆ ಶುದ್ಧಮಾಡುವ ದೊಡ್ಡ ಘಟಕಗಳಿಲ್ಲದೆ ಕೆಲಸ ಆಗುವುದಿಲ್ಲ ಎಂದು ಗೊತ್ತಾಯಿತು, ಅವನ್ನೂ ಕಟ್ಟಿದರು. ಎಣ್ಣೆ ಒಟ್ಟುಮಾಡುವ ಅಭ್ಯಾಸ ಮಾತ್ರ ಉಳಿಯಿತು. 1998ರಲ್ಲಿ ಐತೊ ಎಂಬ ಊರಿನಲ್ಲಿ ಸಾಸಿವೆ ಜಾತಿಯ ಎಣ್ಣೆಬೀಜ ಬೆಳೆದು, ಎಣ್ಣೆ ತೆಗೆದು, ಅಡುಗೆಗೆ ಬಳಸಿ ಉಳಿದದ್ದನ್ನು ಡೀಸೆಲ್ ಬದಲಿಗೆ ಇಂಧನ ಮಾಡುವ ಯೋಜನೆ ಶುರುವಾಯಿತು.

ಇದನ್ನೆಲ್ಲ ಉಪ್ಪನಿಗೆ ಹೇಳಿದೆ. ಉಪ್ಪ ಕೇಳಿದರು: "ನಾನು ಮಾರದಿದ್ದರೆ ಪಕ್ಕದ ಅಂಗಡಿಯಲ್ಲಿ ತಗೊಳ್ತಾರೆ. ಆಗ ಕೆರೆಗೇನು ಲಾಭ?"

ವ್ಯಾಪಾರ ನಂಬಿ ಬದುಕಿದ ನಮ್ಮಂಥ ಬ್ಯಾರಿ ಮನೆಗಳಲ್ಲಿ ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಶಿಗಾದ ಕಾನೂನು ಎಲ್ಲ ಅಂಗಡಿಗಳಿಗೂ ಒಂದೇ ದಿನ ಬಂತು, ಆದ್ದರಿಂದ ಒಬ್ಬನ ಗಿರಾಕಿ ಇನ್ನೊಬ್ಬನಿಗೆ ಹೋಗಲಿಲ್ಲ. ಆದರೆ ಆ ಕಾನೂನಿಗೆ ಮೊದಲೇ ಸಾವಿರಾರು ಮನೆಗಳು ತಾವಾಗಿ ಪುಡಿ ಬದಲಿಸಿದ್ದವು. ಅವರಿಲ್ಲದಿದ್ದರೆ ಯಾವ ಸರಕಾರವೂ ಕಂಪನಿಗಳ ಎದುರು ನಿಲ್ಲುತ್ತಿರಲಿಲ್ಲ.

ನಮ್ಮ ಕೆರೆಗೆ ಸಮಿತಿ ಇನ್ನೂ ಆಗಿಲ್ಲ. ಕಳೆದ ತಿಂಗಳು ಉಮ್ಮ ಮತ್ತು ನಾನು ಬಟ್ಟೆ ಒಗೆಯುವ ಕಲ್ಲಿನ ನೀರನ್ನು ತೋಡಿಗೆ ಬಿಡದೆ ಬಾಳೆಯ ಬುಡಕ್ಕೆ ತಿರುಗಿಸಿದೆವು. ಒಂದು ಪೈಪು, ಎರಡು ಬೆಂಡು, ಅರ್ಧ ದಿನದ ಕೆಲಸ. ಪಕ್ಕದ ಮನೆಯವರು ಬಂದು ನೋಡಿ, ಪೈಪು ಎಷ್ಟಾಯಿತು ಎಂದು ಕೇಳಿಕೊಂಡು ಹೋಗಿದ್ದಾರೆ.