ದರೋಜಿ ಈರಮ್ಮ: ಬುರ್ರಕಥೆಯ ಹಾಡುಗಾರ್ತಿಯ ವೃತ್ತಿಬದುಕು ಮತ್ತು ದಾಖಲೆ

ದರೋಜಿ ಈರಮ್ಮ (1930–2014) ಬಳ್ಳಾರಿ ಸೀಮೆಯ ಬುರ್ರಕಥೆ ಹಾಡುಗಾರ್ತಿ. ಊರು ಸಂಡೂರು ತಾಲೂಕಿನ ದರೋಜಿ, ಸಮುದಾಯ ಬುಡ್ಗ ಜಂಗಮ. ಓದುಬರಹ ಕಲಿಯದ ಇವರು ಕುಮಾರರಾಮ, ಬಾಲನಾಗಮ್ಮ ಮೊದಲಾದ ಹನ್ನೆರಡು ಕಥನಕಾವ್ಯಗಳನ್ನು ಕಾಗದದ ನೆರವಿಲ್ಲದೆ ಹಾಡುತ್ತಿದ್ದರು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ, 2012ರಲ್ಲಿ ಜಾನಪದ ಶ್ರೀ ಪ್ರಶಸ್ತಿ ಬಂದವು. 2014ರ ಆಗಸ್ಟ್ 12ರಂದು ತೀರಿಕೊಂಡರು. ಈರಮ್ಮನವರ ಪರಿಚಯಗಳು ಹೆಚ್ಚಾಗಿ ಇಷ್ಟಕ್ಕೇ ನಿಲ್ಲುತ್ತವೆ. ಆದರೆ ಈ ಇಸವಿಗಳನ್ನು ಹುಟ್ಟಿದ ವರ್ಷದ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ: ಮೊದಲ ಮೈಲಿಗಲ್ಲು ನೆಟ್ಟಾಗ ಹಾಡುಗಾರ್ತಿಗೆ ಅರವತ್ತೊಂಬತ್ತು. ಹುಡುಗಿಯಾಗಿದ್ದಾಗಲೇ ಮನೆಯವರ ಮೇಳದಲ್ಲಿ ದನಿಗೂಡಿಸಿದ ಒಬ್ಬರ ಅರ್ಧ ಶತಮಾನದ ದುಡಿಮೆಗೆ ಒಂದು ತಾರೀಖೂ ಇಲ್ಲ. ಹಾಗಾಗಿ ಪ್ರಶಸ್ತಿಗಳ ಪಟ್ಟಿ ಹೇಳುವುದು ಅವರ ವೃತ್ತಿಯ ಚರಿತ್ರೆಯನ್ನಲ್ಲ, ನಾಡು ಅವರತ್ತ ಕಿವಿಗೊಟ್ಟ ಚರಿತ್ರೆಯನ್ನು. ವೃತ್ತಿಯ ನಿಜವಾದ ತಿರುವುಗಳನ್ನು ಬೇರೆ ಸಾಕ್ಷ್ಯಗಳಿಂದ ತೆಗೆಯಬೇಕು. ಹಾಗೆ ತೆಗೆದಾಗ ಅವರ ದಾಖಲೆ ಜ್ಞಾಪಕಶಕ್ತಿಯದ್ದು ಎಂಬ ವಾಡಿಕೆಯ ಮಾತೂ ಸಾಲದು ಎನ್ನಿಸುತ್ತದೆ.

ಜನಪ್ರಿಯ ಗಾಯಕರ ಮೈಲಿಗಲ್ಲುಗಳನ್ನು ಎಣಿಸಲು ಜಗತ್ತು ಒಂದು ಕ್ರಮ ಮಾಡಿಕೊಂಡಿದೆ. ಅಮೆರಿಕದ ಪಾಪ್ ಮತ್ತು ಸೋಲ್ ಗಾಯಕಿ ವಿಟ್ನಿ ಹ್ಯೂಸ್ಟನ್ 1985ರಿಂದ 1988ರ ನಡುವೆ ಸಾಲಾಗಿ ಏಳು ಹಾಡುಗಳನ್ನು ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿಸಿದ್ದು ದಾಖಲೆ. ನಮ್ಮಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ 1981ರ ಫೆಬ್ರವರಿ 8ರಂದು ಬೆಂಗಳೂರಿನಲ್ಲಿ ಉಪೇಂದ್ರಕುಮಾರ್ ಸಂಗೀತದಲ್ಲಿ ಒಂದೇ ದಿನ 21 ಕನ್ನಡ ಹಾಡುಗಳನ್ನು ಧ್ವನಿಮುದ್ರಿಸಿದ್ದನ್ನು ಇವತ್ತಿಗೂ ಹೇಳುತ್ತೇವೆ. ಪಿ. ಸುಶೀಲಾ ಅವರ 17,695 ಹಾಡುಗಳನ್ನು 2016ರಲ್ಲಿ ಗಿನ್ನೆಸ್ ಪುಸ್ತಕ ಲೆಕ್ಕಕ್ಕೆ ತೆಗೆದುಕೊಂಡಿತು. ಈ ಮೂರೂ ಎಣಿಕೆಗಳ ಹಿಂದೆ ಸ್ಟುಡಿಯೊ, ಕಂಪನಿ, ಮಾರಾಟದ ಚೀಟಿ ಇವೆ. ಒಮ್ಮೆ ಮುದ್ರಣವಾದ ಹಾಡು ಬದಲಾಗುವುದಿಲ್ಲ, ಆದ್ದರಿಂದ ಒಂದು, ಎರಡು ಎಂದು ಎಣಿಸಬಹುದು. ಈರಮ್ಮನವರ ಕಥೆಯಾದರೋ ಹಾಡಿದ ರಾತ್ರಿಯೇ ಮುಗಿದುಹೋಗುವಂಥದ್ದು. ಮುಂದಿನ ಊರಿನಲ್ಲಿ ಅದೇ ಕಥೆ ಬೇರೆ ಅಳತೆಯಲ್ಲಿ ಬರುತ್ತದೆ.

ಕಲೆಯ ಸ್ವರೂಪ ತಿಳಿಯದೆ ಈ ಮಾತು ಹಿಡಿತಕ್ಕೆ ಸಿಗದು. ಬುರ್ರಕಥೆಗೆ ಮೂವರು ಬೇಕು. ಮುಖ್ಯ ಕಥೆಗಾರರ ಹೆಗಲ ಮೇಲೆ ತಂಬೂರಿ, ಕಾಲಲ್ಲಿ ಗೆಜ್ಜೆ, ಹೆಬ್ಬೆರಳಿಗೆ ಒಳಗೆ ಗುಂಡುಗಳಿರುವ ಪೊಳ್ಳು ಲೋಹದ ಉಂಗುರ. ಅದೇ ಕೈಯ ಇನ್ನೊಂದು ಬೆರಳಿನ ಉಂಗುರಕ್ಕೆ ಅದನ್ನು ತಾಗಿಸಿದಾಗ ತಾಳ ಹುಟ್ಟುತ್ತದೆ. ಎಡಬಲದ ಇಬ್ಬರು ಮಣ್ಣಿನ ಇಲ್ಲವೇ ಹಿತ್ತಾಳೆಯ ಪುಟ್ಟ ಚರ್ಮವಾದ್ಯ ಬಾರಿಸುತ್ತ ಸಾಲಿನ ಕೊನೆಯನ್ನು ಎತ್ತಿಕೊಂಡು ಪಲ್ಲವಿ ಹಾಡುತ್ತಾರೆ, ನಡುನಡುವೆ ಪ್ರಶ್ನೆ ಕೇಳುತ್ತಾರೆ, ಹಾಸ್ಯ ಮಾಡುತ್ತಾರೆ. ಹಾಡು, ಮಾತು, ಹೆಜ್ಜೆ ಮೂರೂ ಒಂದರಲ್ಲಿ ಒಂದು ಬೆರೆತಿರುತ್ತವೆ. ಹಿಮ್ಮೇಳದವರು ಪಲ್ಲವಿ ಹಿಡಿದಿರುವ ಆ ಕೆಲವು ಕ್ಷಣಗಳಲ್ಲೇ ಮುಖ್ಯ ಹಾಡುಗಾರ್ತಿ ಮುಂದಿನ ಸಾಲನ್ನು ಹವಣಿಸಬೇಕು. ಅಮೆರಿಕದ ಕಪ್ಪುಜನರ ಚರ್ಚುಗಳಲ್ಲಿ ಬೆಳೆದು ಸೋಲ್ ಸಂಗೀತಕ್ಕೆ ಇಳಿದ ಸವಾಲು-ಜವಾಬಿನ ಹಾಡಿಕೆಯೂ ಇದೇ ಬಿಡುವನ್ನು ಬಳಸಿಕೊಳ್ಳುತ್ತದೆ. ಆ ನೆಲಕ್ಕೂ ಈ ನೆಲಕ್ಕೂ ಕೊಡುಕೊಳೆ ನಡೆದಿಲ್ಲ. ಎದುರು ಕೂತವರನ್ನು ಹಿಡಿದಿಡಬೇಕಾದ ಹಾಡಿಕೆ ಎಲ್ಲಾದರೂ ಈ ದಾರಿಗೇ ಬರುತ್ತದೆ ಎಂದಷ್ಟೇ ಹೇಳಬಹುದು.

ಇನ್ನು ದಾಖಲೆಯ ಅಂಕಿ. ಹನ್ನೆರಡು ಕಾವ್ಯ, 7,000 ಪುಟ, ಎರಡು ಲಕ್ಷ ಪದ ಎಂಬ ಲೆಕ್ಕವನ್ನು ಪತ್ರಿಕೆಗಳು ಒಂದನ್ನೊಂದು ನೋಡಿ ಬರೆಯುತ್ತ ಬಂದಿವೆ. ಯಾರೂ ಭಾಗಿಸಿ ನೋಡಿದಂತಿಲ್ಲ. ಎರಡು ಲಕ್ಷವನ್ನು ಏಳು ಸಾವಿರದಿಂದ ಭಾಗಿಸಿದರೆ ಪುಟಕ್ಕೆ ಸುಮಾರು 28 ಬರುತ್ತದೆ. ಪುಟಕ್ಕೆ ಇಪ್ಪತ್ತೆಂಟೇ ಪದಗಳಿರುವ ಪುಸ್ತಕವನ್ನು ಯಾರೂ ಅಚ್ಚು ಹಾಕುವುದಿಲ್ಲ. ಆದರೆ ಇಪ್ಪತ್ತೆಂಟು ಸಾಲುಗಳ ಪುಟ ಸಹಜವಾದದ್ದು. ಹಾಗಾಗಿ ಮೂಲದ ಎಣಿಕೆ ಸಾಲುಗಳದ್ದಿರಬೇಕು, ಬರೆಯುವವರ ಕೈಯಲ್ಲಿ ಅದು ಪದವಾಗಿದೆ ಎಂದು ಊಹಿಸುವುದೇ ಸರಿ. ಆಗ ಒಂದೊಂದು ಕಾವ್ಯಕ್ಕೆ ಸರಾಸರಿ ಹದಿನಾರೂವರೆ ಸಾವಿರಕ್ಕಿಂತ ತುಸು ಹೆಚ್ಚು ಸಾಲು. ಇದು ಉತ್ಪ್ರೇಕ್ಷೆಯಲ್ಲವೇ ಎಂದು ಕೇಳಬಹುದು, ಕೇಳಲೇಬೇಕು. ಜಾನಪದದಲ್ಲಿ ಅಂಕಿಗಳು ಅಭಿಮಾನದಿಂದ ಊದಿಕೊಳ್ಳುವುದು ಹೊಸದಲ್ಲ. ಆದರೆ ತಾಳೆ ನೋಡಲು ಕರ್ನಾಟಕದಲ್ಲೇ ಒಂದು ಆಧಾರವಿದೆ. ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ ಮತ್ತು ಸಂಗಡಿಗರು 1990ರ ಡಿಸೆಂಬರಿನಲ್ಲಿ ಉಜಿರೆಯ ಕಡೆಯ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಕಾವ್ಯವನ್ನು ದಾಖಲಿಸಿಕೊಂಡರು. 1998ರಲ್ಲಿ ಅಚ್ಚಾದಾಗ ಅದು 15,683 ಸಾಲು ಆಗಿತ್ತು. ಒಬ್ಬ ಹಾಡುಗಾರ ಬಾಯಲ್ಲೇ ಅಷ್ಟುದ್ದದ ಕಾವ್ಯ ಕಟ್ಟಬಲ್ಲ ಎಂಬುದು ಹೀಗೆ ಸಾಲುಸಾಲಾಗಿ ಸಾಬೀತಾಗಿರುವಾಗ ಈರಮ್ಮನವರ ಸರಾಸರಿಯನ್ನು ಕಟ್ಟುಕಥೆ ಎಂದು ತಳ್ಳಿಹಾಕಲು ಕಾರಣವಿಲ್ಲ. ಬೆರಗಿನ ಸಂಗತಿ ಒಂದೊಂದು ಕಾವ್ಯದ ಉದ್ದದಲ್ಲಿಲ್ಲ, ಅಂಥ ಹನ್ನೆರಡು ಒಬ್ಬರಲ್ಲೇ ಇದ್ದವು ಎಂಬುದರಲ್ಲಿದೆ.

ಆದರೆ ಎರಡು ಲಕ್ಷ ಸಾಲನ್ನು ಬಾಯಿಪಾಠ ಮಾಡಿದ್ದರು ಎಂದು ಹೊಗಳುವುದು ಅವರ ಪ್ರತಿಭೆಯನ್ನು ಕಡಿಮೆ ಮಾಡಿದಂತೆ. 1930ರ ದಶಕದಲ್ಲಿ ಯುಗೊಸ್ಲಾವಿಯದ ಹಾಡುಗಾರರ ನಡುವೆ ಕೆಲಸ ಮಾಡಿದ ಮಿಲ್ಮನ್ ಪ್ಯಾರಿ, ಅವರ ಕೆಲಸವನ್ನು ಮುಂದುವರಿಸಿ 1960ರಲ್ಲಿ ಪುಸ್ತಕವಾಗಿ ಮಂಡಿಸಿದ ಆಲ್ಬರ್ಟ್ ಲಾರ್ಡ್ ತೋರಿಸಿಕೊಟ್ಟದ್ದೇನೆಂದರೆ, ಇಂಥ ಹಾಡುಗಾರರು ಪಠ್ಯವನ್ನು ನೆನಪಿನಿಂದ ಎತ್ತಿ ಒಪ್ಪಿಸುವುದಿಲ್ಲ. ಸಿದ್ಧ ನುಡಿಗಟ್ಟು, ಸಿದ್ಧ ಸನ್ನಿವೇಶಗಳನ್ನು ಇಟ್ಟುಕೊಂಡು ಹಾಡುತ್ತ ಹಾಡುತ್ತಲೇ ಕಾವ್ಯ ಕಟ್ಟುತ್ತಾರೆ. ಅವ್ದೊ ಮೆಜೆದೊವಿಚ್ ಎಂಬ ಹಾಡುಗಾರನ ಮುಂದೆ ಪ್ಯಾರಿ ಇನ್ನೊಬ್ಬನಿಂದ ಆತ ಕೇಳಿರದ ಒಂದು ಹಾಡನ್ನು ಹಾಡಿಸಿದರು. ಅದು 2,294 ಸಾಲು. ಮುಗಿದ ಕೂಡಲೇ ನೀನೂ ಇದನ್ನು ಹಾಡಬಲ್ಲೆಯಾ ಎಂದು ಕೇಳಿದಾಗ ಅವ್ದೊ ಹಾಡಿದ್ದು 6,313 ಸಾಲು. ನೆನಪಿನ ಮಾತೇ ಆಗಿದ್ದರೆ ಇಷ್ಟು ಸಾಲು ಎಲ್ಲಿಂದ ಬಂದವು? ಯುದ್ಧಕ್ಕೆ ಹೊರಡುವ ಸಿಂಗಾರ, ಕುದುರೆಯ ವರ್ಣನೆ, ತಾಯಿಮಗನ ಅಗಲಿಕೆ ಬಂದಾಗ ಬೆಳೆಸುವ ಕಸುಬು ಗೊತ್ತಿದ್ದವರಿಗೆ ಮಾತ್ರ ಅದು ಸಾಧ್ಯ. ಬುರ್ರಕಥೆಯೂ ಇದೇ ಕಸುಬಿನದು. ಹೊತ್ತು ಕಡಿಮೆಯಿದ್ದಾಗ ಕಥೆಯನ್ನು ಒಂದು ತಾಸಿಗೆ ಇಳಿಸುವುದು, ಜನ ಕೂತರೆ ರಾತ್ರಿಗಟ್ಟಲೆ ಎಳೆಯುವುದು ಕಲಾವಿದರಿಗೆ ನಿತ್ಯದ ಸಂಗತಿ. ಲಾರ್ಡ್ ಕೊಡುವ ಲೆಕ್ಕದಂತೆ ಇಂಥ ಹಾಡಿಕೆ ನಿಮಿಷಕ್ಕೆ ಹತ್ತರಿಂದ ಇಪ್ಪತ್ತು ಸಾಲು ಸಾಗುತ್ತದೆ. ನಡುವಿನ ವೇಗ ಹಿಡಿದರೆ ಈರಮ್ಮನವರ ಒಂದು ಕಾವ್ಯಕ್ಕೆ ಹದಿನೆಂಟು ತಾಸಿಗೂ ಮೀರಿ ಬೇಕು, ಹನ್ನೆರಡಕ್ಕೂ ಸೇರಿ ಇನ್ನೂರು ತಾಸು ದಾಟುತ್ತದೆ. ಮಾತು ಬೆರೆತ ಕಲೆಯಾದ್ದರಿಂದ ಈ ಲೆಕ್ಕ ಅಂದಾಜಷ್ಟೇ. ಆದರೂ ಅದು ಸ್ಮರಣಶಕ್ತಿಯ ಪರೀಕ್ಷೆಗಿಂತ ಕವಿಯ ದುಡಿಮೆಯ ಅಳತೆ.

ಇದಕ್ಕೆ ಬರುವ ದೊಡ್ಡ ಆಕ್ಷೇಪ: ಕಥೆಗಳೆಲ್ಲ ಸಮುದಾಯದ್ದು, ಪರಂಪರೆಯಿಂದ ಬಂದದ್ದು, ಒಬ್ಬರ ಹೆಸರಿಗೆ ದಾಖಲೆ ಬರೆಯುವುದು ಸರಿಯೇ? ಆಕ್ಷೇಪದಲ್ಲಿ ಸತ್ಯಾಂಶವಿದೆ. ಬಾಲನಾಗಮ್ಮನ ಕಥೆಯನ್ನೇ ತೆಗೆದುಕೊಳ್ಳಿ. ಅದು ತೆಲುಗು ನಾಡಿನ ಕಥೆಗಾರರಲ್ಲಿ ಹಬ್ಬಿಕೊಂಡಿದ್ದು, 1942ರಲ್ಲಿ ಮದರಾಸಿನ ಜೆಮಿನಿ ಸ್ಟುಡಿಯೊ ಅದನ್ನು ಸಿನಿಮಾ ಮಾಡಿತು, 1966ರಲ್ಲಿ ರಾಜ್‌ಕುಮಾರ್ ಅಭಿನಯದ ಕನ್ನಡ ಚಿತ್ರವೂ ಬಂತು. ಆದರೆ ಕಥೆ ಎಲ್ಲರದೂ ಆಗಿದ್ದ ಮಾತ್ರಕ್ಕೆ ಹಾಡಿಕೆ ಎಲ್ಲರದೂ ಆಗದು. ಕುಮಾರವ್ಯಾಸನಿಗೂ ಕಥೆ ಪರಂಪರೆಯಿಂದಲೇ ಬಂದದ್ದು. ಅವನ ಕಾವ್ಯವನ್ನು ನಾವು ಸಮುದಾಯದ ಲೆಕ್ಕಕ್ಕೆ ಬರೆಯುವುದಿಲ್ಲ. ಬರೆದವನಿಗೆ ಒಂದು ನ್ಯಾಯ, ಹಾಡಿದವಳಿಗೆ ಒಂದು ನ್ಯಾಯ ಎಂಬ ಅಳತೆ ಇಲ್ಲಿ ಕೆಲಸ ಮಾಡುತ್ತಿದೆ. ಅಲ್ಲದೆ ಈರಮ್ಮನವರ ವಿಷಯದಲ್ಲಿ ಇನ್ನೊಂದು ತೂಕದ ಸಂಗತಿಯಿದೆ. ಜಂಗಮ ಕಥೆಗಾರರ ಹಳೆಯ ಪದ್ಧತಿಯಲ್ಲಿ ಗಂಡಸು ಮುಂದೆ ನಿಂತು ಕಥೆ ಹೇಳುತ್ತಿದ್ದ, ಹೆಂಗಸರು ಪಕ್ಕದಲ್ಲಿ ವಾದ್ಯ ಹಿಡಿಯುತ್ತಿದ್ದರು. ಆಂಧ್ರದಲ್ಲಿ 1940ರ ದಶಕದಲ್ಲಿ ಪ್ರಜಾ ನಾಟ್ಯ ಮಂಡಳಿ ಬುರ್ರಕಥೆಯನ್ನು ಕಮ್ಯುನಿಸ್ಟ್ ಚಳವಳಿಗೆ ತಂದಾಗ ಹೆಸರಾದವರು ಶೇಕ್ ನಾಜರ್. 1986ರಲ್ಲಿ ಅವರಿಗೆ ಪದ್ಮಶ್ರೀಯೂ ಬಂತು. ಮೋಟೂರಿ ಉದಯಂ ಅವರಂಥ ಮಹಿಳೆಯರು ಆ ಕಾಲದಲ್ಲೇ ಮುಂದೆ ನಿಂತರಾದರೂ ಅದು ಚಳವಳಿಯ ಬೆಂಬಲದಿಂದ. ದರೋಜಿಯಲ್ಲಿ ಪಕ್ಷವಿರಲಿಲ್ಲ, ವೇದಿಕೆ ಇರಲಿಲ್ಲ. ಮನೆಯ ಹೆಣ್ಣುಮಕ್ಕಳನ್ನೇ ಹಿಮ್ಮೇಳಕ್ಕೆ ನಿಲ್ಲಿಸಿಕೊಂಡು ತಂಬೂರಿಯನ್ನು ತಮ್ಮ ಹೆಗಲಿಗೇರಿಸಿಕೊಂಡದ್ದು, ತಾರೀಖು ಸಿಗದಿದ್ದರೂ, ಈರಮ್ಮನವರ ವೃತ್ತಿಯ ಮೊದಲ ಮೈಲಿಗಲ್ಲು. ಮೂರು ಪ್ರಶಸ್ತಿಗಳಿಗಿಂತ ಇದರ ತೂಕ ಹೆಚ್ಚು.

ಬುರ್ರಕಥೆ ತೆಲುಗಿನದು, ಬುಡ್ಗ ಜಂಗಮರ ಮನೆಮಾತು ತೆಲುಗು, ಹಾಗಾದರೆ ಕನ್ನಡ ವಿಶ್ವವಿದ್ಯಾಲಯ ಗೌರವಿಸಿದ್ದೇಕೆ ಎಂಬ ತಕರಾರೂ ಉಂಟು. ಬಳ್ಳಾರಿಯ ಭೂಪಟ ಗೊತ್ತಿದ್ದವರು ಇದನ್ನು ಎತ್ತಲಾರರು. 1953ರ ಅಕ್ಟೋಬರ್ 1ರವರೆಗೆ ಈ ಜಿಲ್ಲೆ ಮದರಾಸು ರಾಜ್ಯದಲ್ಲಿತ್ತು. ಅಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ಅತ್ತ ಹೋದವು. ಸಿರುಗುಪ್ಪ, ಬಳ್ಳಾರಿ, ಸಂಡೂರು, ಹೊಸಪೇಟೆ ಮೈಸೂರಿಗೆ ಬಂದವು. ಗೆರೆ ಎಳೆದದ್ದು ಕಾಗದದ ಮೇಲೆ. ಸಿರುಗುಪ್ಪದ ಸಂತೆಗೆ ಆದೋನಿ ಕಡೆಯವರು ಬರುವುದು, ಕುರುಗೋಡಿನ ಮನೆಗೆ ಆಲೂರಿನ ಸೊಸೆ ಬರುವುದು ನಿಲ್ಲಲಿಲ್ಲ. ಬಳ್ಳಾರಿ ರಾಘವರನ್ನು ಎರಡೂ ಭಾಷೆಯವರು ನಮ್ಮ ನಟ ಎನ್ನುತ್ತಾರೆ, ಇಬ್ಬರ ಮಾತೂ ನಿಜ. ಈರಮ್ಮನವರಿಗೂ ಎರಡು ನುಡಿಗಳೂ ಬಾಯಲ್ಲಿದ್ದವು. ಅದಕ್ಕಿಂತ ಮುಖ್ಯವಾಗಿ ಅವರ ಕುಮಾರರಾಮ ಹೊರಗಿನ ನಾಯಕನಲ್ಲ. ಕಂಪಿಲರಾಯನ ಮಗ, 1327ರ ಸುಮಾರಿಗೆ ದೆಹಲಿಯ ತುಘಲಕ್ ಸೈನ್ಯಕ್ಕೆ ಎದುರು ನಿಂತು ಮಡಿದವನು. ಅವನ ಹೆಸರು ಹೇಳುವ ಕಂಪ್ಲಿ ಕುರುಗೋಡಿಗೂ ದರೋಜಿಗೂ ನೆರೆಯೂರು; ಕುಮ್ಮಟದುರ್ಗ ಇರುವುದು ಹೊಳೆಯಾಚೆ, ಗಂಗಾವತಿಯ ಕಡೆ. ಮಲತಾಯಿ ರತ್ನಾಜಿ ಅವನನ್ನು ಬಯಸಿದ್ದು, ಅವನು ಒಪ್ಪದ್ದು, ಅದರಿಂದ ತಲೆಗೆ ಬಂದ ಕುತ್ತು ನಂಜುಂಡ ಕವಿಯ ಸಾಂಗತ್ಯಕ್ಕೂ ವಸ್ತು. ಊರಿನವರಿಗೆ ಗೊತ್ತಿರುವ ಗುಡ್ಡಗಳ ಮೇಲೆ ನಡೆದ ಕಥೆಯನ್ನು ತೆಲುಗು ನಾಡಿನ ಹಾಡಿಕೆಯ ಅಚ್ಚಿಗೆ ಹೊಯ್ಯುವುದು ಈ ಸೀಮೆಯಲ್ಲದೆ ಬೇರೆಲ್ಲೂ ಆಗುವ ಕೆಲಸವಲ್ಲ.

ಆಶ್ರಯದ ಪ್ರಶ್ನೆಯನ್ನೂ ನೋಡಬೇಕು, ಏಕೆಂದರೆ ಪಾಪ್ ಗಾಯಕರ ವೃತ್ತಿಯಂತೆ ಇದೂ ಕೇಳುಗರು ಕೊಟ್ಟದ್ದರಿಂದ ನಡೆದದ್ದು. ಅಲೆಮಾರಿ ಕಥೆಗಾರರ ವರ್ಷ ಸುಗ್ಗಿಯ ಸುತ್ತ ತಿರುಗುತ್ತದೆ. ಕಣದಲ್ಲಿ ರಾಶಿ ಬಿದ್ದಾಗ ಊರಿಗೆ ಹೋಗಿ ಹಾಡಿದರೆ ಜೋಳವೋ ಭತ್ತವೋ ಬಟ್ಟೆಯೋ ಸಿಗುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿ ಸಿರುಗುಪ್ಪದ ಎರೆಹೊಲಗಳು ಭತ್ತದ ಗದ್ದೆಗಳಾದವು. ಧಾನ್ಯ ಹೆಚ್ಚಿತು, ಆದರೆ ನಾಲೆಯ ನೀರಿನ ಬೇಸಾಯಕ್ಕೆ ಹಳೆಯ ಬಿಡುವಿಲ್ಲ, ಭತ್ತದ ದುಡ್ಡಿನ ಜತೆಗೆ ಟೂರಿಂಗ್ ಟಾಕೀಸೂ ಬಂತು. ಕಾಳಿನ ಆಶ್ರಯ ಸೊರಗಿದ ಮೇಲೆ ಈ ಕಲೆಗೆ ಸರಕಾರ ಮತ್ತು ಅಕಾಡೆಮಿಗಳೇ ಗತಿಯಾದವು. 1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಶುರುವಾದದ್ದು ಈ ದೃಷ್ಟಿಯಿಂದ ಈರಮ್ಮನವರ ಬದುಕಿನ ಎರಡನೆಯ ತಿರುವು. ದರೋಜಿಯಿಂದ ಹಂಪಿ ದೂರವಲ್ಲ. ವಿಶ್ವವಿದ್ಯಾಲಯ ಪಕ್ಕದಲ್ಲಿರದಿದ್ದರೆ ಈರಮ್ಮ ಹೆಸರಾಗುತ್ತಿದ್ದರೇ, ಇದು ಪ್ರತಿಭೆಗಿಂತ ನೆರೆಹೊರೆಯ ಅದೃಷ್ಟವಲ್ಲವೇ ಎಂದು ಒಬ್ಬರು ಕೇಳಿದರೆ ಅರ್ಧ ಒಪ್ಪಬೇಕಾಗುತ್ತದೆ. ಇಂಥವೇ ಮೇಳಗಳು ಆದೋನಿ, ಸಿಂಧನೂರು ಕಡೆಯಲ್ಲಿ ಯಾರ ಟೇಪಿಗೂ ಸಿಗದೆ ಹೋಗಿರಬಹುದು. ಆದರೆ ಅದೃಷ್ಟ ಬಾಗಿಲು ತಟ್ಟಿದಾಗ ಒಳಗೆ ಹನ್ನೆರಡು ಕಾವ್ಯಗಳ ಸರಕು ಸಿದ್ಧವಿತ್ತು. ಅದಕ್ಕೆ ವಿಶ್ವವಿದ್ಯಾಲಯ ಕಾರಣವಲ್ಲ.

ಬರಹಕ್ಕೆ ಇಳಿದ ಪುಟಗಳಿಗೂ ಹಾಡಿಕೆಗೂ ಇರುವ ಅಂತರ ಸಣ್ಣದಲ್ಲ. ಹಿಮ್ಮೇಳದ ಪಲ್ಲವಿ ಪುಟದಲ್ಲಿ ಒಮ್ಮೆ ಬರುತ್ತದೆ ಇಲ್ಲವೇ ಬಿಟ್ಟುಹೋಗುತ್ತದೆ. ಉಂಗುರದ ತಾಳ, ಗೆಜ್ಜೆಯ ಹೆಜ್ಜೆ, ಹಾಡಿನಿಂದ ಮಾತಿಗೆ ಜಾರುವ ಹದ ಅಕ್ಷರಕ್ಕೆ ದಕ್ಕುವುದಿಲ್ಲ. ಮುಂದೆ ಈರಮ್ಮನವರ ಬಗ್ಗೆ ಕೆಲಸ ಮಾಡುವವರು ಪುಟಗಳನ್ನು ಎಣಿಸುವುದಕ್ಕಿಂತ ಅವರ ಕುಮಾರರಾಮವನ್ನು ನಂಜುಂಡನ ಕಾವ್ಯದ ಜತೆಗೂ ಬೇರೆ ಹಾಡುಗಾರರ ಪಾಠಗಳ ಜತೆಗೂ ಇಟ್ಟು, ಎಲ್ಲಿ ಬೆಳೆಸಿದ್ದಾರೆ, ಎಲ್ಲಿ ಕೈಬಿಟ್ಟಿದ್ದಾರೆ, ರತ್ನಾಜಿಯ ಬಾಯಲ್ಲಿ ಏನು ಮಾತಾಡಿಸಿದ್ದಾರೆ ಎಂದು ನೋಡುವುದು ಒಳ್ಳೆಯದು. ಅವರ ಕಾವ್ಯಶಕ್ತಿಯ ಮಾತನ್ನು ಗಟ್ಟಿಯಾಗಿ ಸ್ಥಾಪಿಸುವುದಕ್ಕೂ ಅಲ್ಲಗಳೆಯುವುದಕ್ಕೂ ಅಲ್ಲಿಯೇ ಸಾಮಗ್ರಿ ಇದೆ.